ಮಣ್ಣು ಯಾವ ಕಡೆ?

ನಗಬೇಡ ಭೂತಯ್ಯ! ನಗೋ ವಿಷ್ಯ ಅಲ್ಲ ಇದು. ಎಂಥ ನಗು ಮಾರಾಯ, ಬಾಯಲ್ಲಿರೋ ಎಲೆಯಡಿಕೆ ಎಲ್ಲ ಬನಿಯನ್ ಮೇಲೆ... ಹ್ಞಾಂ, ಒರೆಸ್ಕೊ. ಒರೆಸ್ಕೊಂಡು ಕೇಳು. ದೊಡ್ಡ ದೊಡ್ಡ ಜನ ಅವ್ರು. ಡಾಕ್ಟ್ರು, ಪ್ಲಾಂಟರ್ಸು, ರಿಟೈರ್ ಆದ ಕರ್ನಲ್ ಒಬ್ರು. ತಿಂಗ್ಳಿಗೊಂದ್ಸಲ ಸೇರ್ಕೊಂಡು ಗಾಲ್ಫ್ ಮೈದಾನದ ಚಿತ್ರ ಬರೀತಾರೆ. ಹೌದು, ಆಡಲ್ಲ! ಬರೀತಾರೆ ಅಷ್ಟೆ. ಈ ಗುಡ್ಡದಲ್ಲಿ ಚೆಂಡು ಎಲ್ಲಿಂದ ಹೊಡೀಬೇಕು, ಕುಳಿ ಎಲ್ಲಿ ಬರ್ಬೇಕು, ಹಳ್ಳ ಎಲ್ಲಿ ಅಡ್ಡ ಸಿಗ್ಬೇಕು... ಗೋಡೆಗೆ ಅಂಟಿಸ್ಕೊಂಡು ಊಟದ ಹೊತ್ತಿನ ತನ್ಕ ಜಗಳ. ಅದೇ ಅವ್ರ ಹುಚ್ಚು.

ನಗು, ನಗು. ನಮ್ಮಪ್ಪಾನೂ ಹಿಂಗೇ ನಕ್ಕಿದ್ರು. 'ಸುಕನ್ಯಾ, ಕೆಲ್ಸ ಇಲ್ದೋರ ಜೊತೆ ನಿಂಗೆಂಥ ಕೆಲ್ಸ' ಅಂತ. ಆದ್ರೆ ನಂಗೂ ಅದೇ ಹುಚ್ಚು ಭೂತಯ್ಯ! ಐದು ವರ್ಷ ಓದಿದೀನಿ. ನೆಲ ಹೆಂಗೆ ಮಲಗಿದೆ, ಅದನ್ನ ಹೆಂಗೆ ಎಬ್ಬಿಸ್ಬೇಕು, ಅದು ನನ್ನ ಓದು. ಮಾಡ್ತಿರೋದೇನು? ಹೋಂಸ್ಟೇಗಳಿಗೆ ಹುಲ್ಲು ಹಾಸೋದು. ಬಂದೋರು ಫೋಟೋ ತೆಗೆಸ್ಕೊಳ್ಳೋಕೆ ಉಯ್ಯಾಲೆ ಕಟ್ಟಿಸೋದು. ಅಂಥದ್ರಲ್ಲಿ ಈ ಬಳಗದೋರು ಸೇರಿಸ್ಕೊಂಡ್ರು. ಅವತ್ತು ನಾನು ಸೀರೆ ಉಟ್ಕೊಂಡು ಹೋಗಿದ್ದೆ, ಗೊತ್ತಾ? ಅಷ್ಟು ಖುಷಿ.

ಆ ಖುಷೀನ ಒಂದೇ ಮಾತಲ್ಲಿ ಮುರ್ದ. ಯಾರು ಅಂದ್ರೆ... ಅವ್ನೇ, ರಾಜೀವ್. ಗೋಣಿಬೀಡು ದಾಟಿ ಆ ಕಡೆ ತೋಟ ಇದ್ಯಲ್ಲ, ಜೀಪಿಗೆ ಮೂರು ಮೂರು ಲೈಟು ಹಾಕ್ಸಿರೋನು. 'ಓಹೋ, ಲ್ಯಾಂಡ್‌ಸ್ಕೇಪಾ? ಅಂದ್ರೆ ದಾಸವಾಳ ನೆಡೋದಲ್ವಾ ಮೇಡಂ?' ಅಂದ. ಎಲ್ರೂ ಹೋ ಅಂತ ನಕ್ರು. ಎರಡು ವರ್ಷ, ಭೂತಯ್ಯ, ಎರಡು ವರ್ಷ ನಾನು ಆ ಬಳಗದಲ್ಲಿ ದಾಸವಾಳ ಮೇಡಂ. ಬಾಗ್ಲಲ್ಲಿ ಕಾಲಿಟ್ರೆ ಸಾಕು, 'ಬಂತು ದಾಸವಾಳ'. ನಾನೂ ಹಲ್ಲು ಕಿರ್ದೆ. ಒಳಗೊಳಗೇ ಬೆಂದೋದೆ.

ಇವತ್ತು ತೀರಿಸ್ತೀನಿ. ಅದಕ್ಕೇ ನಿನ್ನ ಕರ್ಕೊಂಡು ಹೋಗೋಕೆ ಬಂದಿರೋದು. ಹನ್ನೊಂದು ಗಂಟೆಗೆ ಮೂಡಿಗೆರೇಲಿ ಸಭೆ. ಈಗ್ಲೇ ಒಂಬತ್ತೂವರೆ. ಎದ್ದೇಳು, ಒಂದು ಅಂಗಿ ಹಾಕ್ಕೊ, ಹೊರಡೋಣ.

ಭಾಗಮ್ಮಾ, ಕಾಫಿ ಬೇಡ! ಕುಡ್ಕೊಂಡೇ ಬಂದೆ... ಸರಿ, ಅರ್ಧ ಲೋಟ. ನಿನ್ನ ಗಂಡನ್ನ ಒಂಚೂರು ಎಬ್ಸು ಮಾರಾಯ್ತಿ. ಮೆಟ್ಲಿಗೆ ಅಂಟ್ಕೊಂಡು ಕೂತವ್ನೆ.

ಏನು? ನಿಂಗೂ ಅದಕ್ಕೂ ಏನು ಸಂಬಂಧನಾ? ಇದೆ. ಪೂರ್ತಿ ಕೇಳು.

ಈ ಸಲ ಬರೀ ಚಿತ್ರ ಅಲ್ಲ. ಅತ್ತಿಗುಂಡಿ ಹತ್ರ ಬಳಗದೋರೊಬ್ರ ತೋಟ ಪಾಳು ಬಿದ್ದಿದೆ. ಅಲ್ಲಿ ಒಂದೇ ಒಂದು ಹೋಲ್, ಅಂದ್ರೆ ಚೆಂಡು ಹೊಡೆಯೋ ಜಾಗದಿಂದ ಕುಳಿ ತನ್ಕ ಒಂದು ಪಟ್ಟಿ, ನಿಜವಾಗ್ಲೂ ಕಟ್ತಾರೆ. ಮಣ್ಣು ಕಡ್ದು, ಹುಲ್ಲು ಹಾಸಿ. ಎಲ್ರಿಗಿಂತ ಚೆನ್ನಾಗಿ ಯಾರು ಬರೆದಿರ್ತಾರೋ ಅವ್ರದ್ದು. ಅವ್ರ ಹೆಸ್ರು ಕಲ್ಲಲ್ಲಿ ಕೆತ್ತಿ ಅಲ್ಲೇ ನಿಲ್ಲಿಸ್ತಾರೆ. ಇವತ್ತು ತೀರ್ಮಾನ. ಅಲ್ಲಿ ನಿಲ್ಬೇಕಾಗಿರೋದು ನನ್ನ ಹೆಸ್ರು. ನಿಲ್ತಿರೋದು ರಾಜೀವಂದು!

ಯಾಕಂದ್ರೆ ಅವ್ನು ಕದ್ದ. ಹೌದು, ಕದ್ದ. ಬೇರೆ ಮಾತು ಇಲ್ಲ ಅದಕ್ಕೆ.

ನಾನು ಬರ್ದಿದ್ದು ತೊಟ್ಟಿಲು ಗುಂಡಿ. ನಿಂಗೆ ಹೇಳ್ಬೇಕಾ ತೊಟ್ಟಿಲು ಗುಂಡಿ ಅಂದ್ರೆ ಎಂಥದು ಅಂತ! ನಮ್ಮ ತೋಟದಲ್ಲಿ ನಲವತ್ತು ವರ್ಷ ತೆಗೆದೋನು ನೀನು. ಅವ್ರಿಗೆ ಹೇಳ್ಬೇಕು, ತೋಟ ಇದ್ರೂ ಗುದ್ದಲಿ ಮುಟ್ಟಿದೋರಲ್ಲ. ಕಾಫಿ ಸಾಲಿನ ಮಧ್ಯ, ಇಳಿಜಾರಿಗೆ ಅಡ್ಡಲಾಗಿ, ತೊಟ್ಟಿಲಿನ ಹಂಗೆ ಉದ್ದಕ್ಕೆ ತೆಗೆಯೋ ಗುಂಡಿ, ಮಳೆ ನೀರು ಮಣ್ಣು ಕೊಚ್ಕೊಂಡು ಓಡ್ದೇ ಇರ್ಲಿ ಅಂತ. ಗಾಲ್ಫಲ್ಲೂ ಗುಂಡಿ ಇರ್ತವೆ. ಮರಳು ತುಂಬಿರ್ತಾರೆ, ಚೆಂಡು ಅದ್ರೊಳಗೆ ಬಿದ್ರೆ ಆಡೋನ ಕಥೆ ಮುಗೀತು. ಎಲ್ಲ ಕಡೆ ಅವು ಹೆಸ್ರುಬೇಳೆ ಚೆಲ್ಲಿದ ಹಂಗೆ ಅಲ್ಲಲ್ಲಿ ಇರ್ತವೆ. ನಾನು ಅವನ್ನ ತೊಟ್ಟಿಲು ಗುಂಡಿ ಮಾಡ್ದೆ! ಸಾಲು ತಪ್ಪಿಸಿ ತಪ್ಪಿಸಿ, ಒಂದ್ರಿಂದ ತಪ್ಪಿಸ್ಕೊಂಡ್ರೆ ಕೆಳಗಿಂದು ಹಿಡ್ಕೊಳ್ಳೋ ಹಂಗೆ. ಪ್ರಪಂಚದಲ್ಲಿ ಎಲ್ಲೂ ಇಲ್ಲ ಅಂಥದ್ದು. ಈ ಗುಡ್ಡಗಳಲ್ಲಿ ಹುಟ್ಟಿದೋರಿಗೆ ಮಾತ್ರ ಹೊಳೆಯೋದು.

ಹೆಂಗೆ ಹೊಳೀತು ಅಂದ್ರೆ... ಹೊಳೀತು. ಎರಡು ತಿಂಗ್ಳು ಅದನ್ನೇ ಧ್ಯಾನ ಮಾಡ್ತಿದ್ದೆ, ಹೊಳೀತು. ಹಂಗ್ಯಾಕೆ ನೋಡ್ತೀಯಾ?

ನವೆಂಬರಲ್ಲಿ ಸಭೆ ಮುಗಿಸಿ ಬರೋವಾಗ ನನ್ನ ಗಾಡಿ ಕೆಟ್ಟು ನಿಂತಿತ್ತು. ರಾಜೀವ್ ನನ್ನನ್ನ ಮನೆ ತನ್ಕ ಬಿಟ್ಟ. ದಾರೀಲಿ ಎಷ್ಟು ನಯ, ಎಷ್ಟು ವಿನಯ! 'ಏನು ಬರೀತಿದ್ದೀರಾ ಮೇಡಂ?' ಮೊದಲ್ನೇ ಸಲ ದಾಸವಾಳ ಅನ್ನದೆ ಮಾತಾಡಿಸ್ದ. ನಾನು ಕರಗೋದೆ, ದಡ್ಡಿ. ಸುರುಳಿ ಬಿಚ್ಚಿ ತೋರಿಸ್ದೆ. 'ಒಂದು ಫೋಟೋ ತಗೊಳ್ಳಾ, ನಿಧಾನಕ್ಕೆ ನೋಡ್ತೀನಿ' ಅಂದ. ತಗೊ ಅಂದೆ. ಡಿಸೆಂಬರ್ ಸಭೆಗೆ ಹೋಗಿ ನೋಡಿದ್ರೆ, ಗೋಡೆ ತುಂಬ ನನ್ನ ಚಿತ್ರ! ಬಣ್ಣ ಹಾಕ್ಸಿದಾನೆ, ದೊಡ್ಡದು ಮಾಡ್ಸಿದಾನೆ, ಕೆಳಗಡೆ ಅವ್ನ ಹೆಸ್ರು. ಜನ ಎದ್ದು ನಿಂತು ಚಪ್ಪಾಳೆ ತಟ್ತಿದಾರೆ.

ನಾನ್ಯಾಕೆ ಅಲ್ಲೇ ಕೂಗ್ಲಿಲ್ಲ ಅಂತ ತಾನೆ ನಿನ್ನ ಹುಬ್ಬು ಕೇಳ್ತಿರೋದು? ಕೂಗ್ತಿದ್ದೆ. ಅಷ್ಟ್ರಲ್ಲಿ ಅವ್ನೇ ನನ್ನ ಕಡೆ ತಿರುಗ್ದ. 'ಸುಕನ್ಯಾ ಮೇಡಂ, ಇದು ನಿಮ್ಮ ತೋಟಗಳಲ್ಲೂ ಇರುತ್ತಲ್ಲ, ನಿಮಗೆ ಎಲ್ಲಿಂದಾದ್ರೂ ಗೊತ್ತಿತ್ತಾ ಈ ವಿಷ್ಯ?' ಅಂದ. ಎಲ್ಲಿಂದಾದ್ರೂ! ಅಷ್ಟು ಜನರ ಮುಂದೆ, ನಗ್ತಾ ನಗ್ತಾ. 'ಚೆನ್ನಾಗಿದೆ' ಅಂದೆ. ಥೂ! ಚೆನ್ನಾಗಿದೆ ಅಂದೆ ಭೂತಯ್ಯ! ಮನೆಗೆ ಬಂದು ಕನ್ನಡಿ ಮುಂದೆ ನಿಂತು ನನಗೆ ನಾನೇ ಬೈಕೊಂಡೆ.

ಅವತ್ತಿಂದ ಕಾಯ್ತಿದೀನಿ. ಈಗ ಸಿಕ್ಕಿದಾನೆ. ಹೆಂಗೆ ಅಂತ ತೋರಿಸ್ತೀನಿ, ತಾಳು... ಆ ಲೋಟ ಒಂಚೂರು ಆ ಕಡೆ ಇಡು ಭಾಗಮ್ಮ, ಕಲೆ ಆಗುತ್ತೆ. ಇಲ್ಲಿ ನೋಡು. ಇದು ನನ್ನ ಮೂಲ ಚಿತ್ರ. ಇದು ಗುಡ್ಡದ ತಲೆ, ಇದು ಬುಡ. ಇವು ಗುಂಡಿ. ಗುಂಡಿಯಿಂದ ತೆಗ್ದ ಮಣ್ಣು ಎಲ್ಲಿ ಹಾಕಿದೀನಿ ನೋಡು. ಮೇಲ್ಗಡೆ! ಕಾಣಿಸ್ತಾ? ಪ್ರತಿ ಗುಂಡಿಗೂ ಮಣ್ಣಿನ ಏರಿ ಮೇಲ್ಗಡೆ.

ಹ್ಞಾಂ! ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ತಪ್ಪು, ಅಲ್ವಾ? ಮಣ್ಣು ಯಾವತ್ತೂ ಕೆಳಗಡೆ ಹಾಕೋದು. ನೀರು ಮೇಲಿಂದ ಬರ್ಬೇಕು, ಗುಂಡಿಗಿಳೀಬೇಕು, ಏರಿ ತಡೀಬೇಕು. ಮೇಲೆ ಹಾಕಿದ್ರೆ ಮೊದಲ್ನೇ ಮಳೇಲೇ ಆ ಮಣ್ಣೆಲ್ಲ ವಾಪಸ್ ಗುಂಡಿಗೇ. ಗುದ್ದಲಿ ಹಿಡಿದ ಯಾವನೂ ಈ ತಪ್ಪು ಮಾಡಲ್ಲ. ರಾಜೀವ್ ಮಾಡಿದಾನೆ! ಅವ್ನ ಬಣ್ಣದ ಚಿತ್ರದಲ್ಲೂ ಮಣ್ಣು ಮೇಲ್ಗಡೆನೇ. ಕಣ್ಣು ಮುಚ್ಕೊಂಡು ನಕಲು ಹೊಡ್ದಿದಾನೆ.

ಇವತ್ತು ನಾನು ಎಲ್ರ ಮುಂದೆ ಕೇಳ್ತೀನಿ, 'ರಾಜೀವ್ ಅವ್ರೇ, ಮಣ್ಣು ಮೇಲೆ ಯಾಕೆ?' ಅವ್ನು ಇಂಗ್ಲಿಷಲ್ಲಿ ಏನೋ ಒಂದು ಬಿಡ್ತಾನೆ. ಬಿಡ್ಲಿ. ಪೂರ್ತಿ ಬಿಡ್ಲಿ! ಆಗ ನಿನ್ನ ಎಬ್ಬಿಸ್ತೀನಿ. 'ಇವ್ನು ಭೂತಯ್ಯ, ಜಾವಳೀಲಿ ನಮ್ಮ ತೋಟದ ಆಳು, ನಲವತ್ತು ವರ್ಷ ಗುಂಡಿ ತೆಗ್ದೋನು. ಭೂತಯ್ಯ, ಮಣ್ಣು ಯಾವ ಕಡೆ?' ನೀನು ಹೇಳ್ಬೇಕಾಗಿರೋದು ಒಂದೇ ಮಾತು. 'ಕೆಳಗೆ.' ಮುಗೀತು! ಅವ್ನ ಮುಖ ಹುಳ್ಳಗಾಗೋದನ್ನ ನಾನು ಕೂತ್ಕೊಂಡು ನೋಡ್ಬೇಕು. ಕರ್ನಲ್ಲು ಅವ್ನ ಕಡೆ ತಿರುಗ್ಬೇಕು. ಆ ಚಿತ್ರಾನ ಗೋಡೆಯಿಂದ ಅವ್ನೇ, ಅವ್ನ ಕೈಯಾರೆ ಇಳಿಸ್ಬೇಕು. ಆಮೇಲೆ ನಾನು ಎದ್ದು, 'ತಿಳ್ಕೊಂಡು ಬರ್ದೋರಿಗೆ ಈ ತಪ್ಪು ಆಗಲ್ಲ ರಾಜೀವ್, ನೋಡ್ಕೊಂಡು ಬರ್ದೋರಿಗೆ ಆಗುತ್ತೆ' ಅಂತೀನಿ. ನನ್ನ ಹೊಟ್ಟೆ ತಣ್ಣಗಾಗೋದು ಅವತ್ತೇ... ಇವತ್ತೇ!

ಏನು? ನನ್ನ ಚಿತ್ರದಲ್ಲೂ ಮೇಲ್ಗಡೆನೇ ಇದ್ಯಲ್ಲ ಅಂತನಾ?

ಅದು ಬೇಕಂತ್ಲೇ ಹಾಕಿದ್ದು. ಬಲೆ ಅದು. ಯಾವನಾದ್ರೂ ಕದ್ರೆ ಸಿಕ್ಕಿಬೀಳ್ಲಿ ಅಂತ.

ಮೊದ್ಲೇ ಹಾಕಿದ್ದೆ, ಹೌದು. ಬರೆಯೋವಾಗ್ಲೇ. ಕದೀತಾನೆ ಅಂತ ಮೊದ್ಲೇ ಹೆಂಗೆ... ನೀನೇನೂ ಕೇಳ್ಲಿಲ್ಲ, ಸರಿ. ನಂಗೇ ಕೇಳಿಸ್ದಂಗಾಯ್ತು. ಅನುಮಾನ ಇತ್ತಪ್ಪ ನಂಗೆ, ಅಷ್ಟೆ. ಜನ ಎಂಥೋರು ಅಂತ ಗೊತ್ತಿತ್ತು. ಎದ್ದೇಳು ಈಗ, ಹೊತ್ತಾಗುತ್ತೆ.

ಎಂಥದು ಭಾಗಮ್ಮ? ಯಾವ ಫೋಟೋ? ದಸರಾ ಆದ್ಮೇಲೆ ಬಂದಾಗಾ? ಈ ಅಂಗಳದ್ದಾ? ಹೇ... ಅದು ನಿಮ್ಮ ಕೋಳಿದು! ಕೋಳಿ ಚೆನ್ನಾಗಿತ್ತು, ತಗೊಂಡೆ. ಇರ್ಲಿಲ್ವಾ ಕೋಳಿ? ಹಾವು ಬಂದು ಅದಕ್ಕೆ ಮುಂಚೇನೇ... ಹಂಗಾದ್ರೆ ಇನ್ಯಾವುದೋ ತಗೊಂಡಿರ್ಬೇಕು, ನೆನಪಿಲ್ಲ ನಂಗೆ.

ಭೂತಯ್ಯ, ಚಿತ್ರ ಕೊಡು ಇಲ್ಲಿ. ಹರಿದೀಯಾ. ಯಾಕೆ ತಿರುಗಿಸ್ತಿದ್ದೀಯಾ ಅದನ್ನ? ಅದು ತಲೆಕೆಳಗಾಯ್ತು. ಈ ಕಡೆ ಮೇಲೆ ಬರ್ಬೇಕು... ಕೊಡು ಅಂದ್ನಲ್ಲ... ಹಂಗೆ ಇಡ್ಬೇಡ...

ಭೂತಯ್ಯ.

ಹೂಂ. ಹಂಗಿಟ್ರೆ ಸರಿಯಾಗುತ್ತೆ. ಎಲ್ಲ ಮಣ್ಣೂ ಕೆಳಗೆ ಬರುತ್ತೆ. ಗೊತ್ತು ನಂಗೆ.

ಏನಾದ್ರೂ ಅನ್ನು. ಬೈಯಿ ಬೇಕಾದ್ರೆ. ಆ ಕಾಗದದ ಮೇಲೆ ಬೆರಳು ಆಡಿಸ್ಬೇಡ ಹಂಗೆ, ನಂಗೆ ತಡೆಯೋಕಾಗಲ್ಲ.

ನೀನು ಇದೇ ಮೆಟ್ಲ ಮೇಲೆ ಕೂತಿದ್ದೆ. ಕಡ್ಡೀಲಿ ಅಂಗಳದಲ್ಲಿ ಗೀಚಿ ತೋರಿಸ್ದೆ. ಚಿಕ್ಕೋನಿದ್ದಾಗ ನೀವು ಹುಡುಗ್ರೆಲ್ಲ ಗುಡ್ಡದ ಮೇಲಿಂದ ಕಿತ್ತಳೆಹಣ್ಣು ಉರುಳಿಸಿ ಯಾರದ್ದು ಯಾವ ಗುಂಡೀಲಿ ನಿಲ್ಲುತ್ತೆ ಅಂತ ಆಡ್ತಿದ್ರಿ, ಅದಕ್ಕೆ ಗುಂಡಿ ಸಾಲು ಹೆಂಗೆ ತಪ್ಪಿಸ್ತಿದ್ರಿ, ಎಲ್ಲ ಹೇಳ್ದೆ. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದೆ. ನಿಂಗೆ ಕೆಳಗಿದ್ದಿದ್ದು ನಂಗೆ ಮೇಲಿತ್ತು. ನಾನಿದ್ದಲ್ಲಿಂದ್ಲೇ ಫೋಟೋ ತೆಗ್ದೆ, ಹಂಗೇ ಕಾಗದಕ್ಕೆ ಇಳಿಸ್ದೆ. ಮಣ್ಣು ಯಾವ ಕಡೆ ಅಂತ ನಿನ್ನ ಕೇಳ್ಬೇಕು ಅಂತ ಹೊಳೀಲೇ ಇಲ್ಲ. ತೋಟದಲ್ಲೇ ಹುಟ್ಟಿದೋಳು ನಾನು! ಹೋದ ವಾರ ರೋಡ್ ಪಕ್ಕ ಒಂದು ತೋಟದಲ್ಲಿ ಗುಂಡಿ ತೆಗೀತಿದ್ರು, ಅದನ್ನ ನೋಡಿ ಗೊತ್ತಾಯ್ತು. ಗೊತ್ತಾದ ತಕ್ಷಣ ನಾಚಿಕೆ ಆಗ್ಲಿಲ್ಲ ಭೂತಯ್ಯ, ಅದೇ ನೋಡು. ರಾಜೀವ್ ಸಿಕ್ಕಿಬಿದ್ದ ಅಂತ ಖುಷಿ ಆಯ್ತು.

ನಿನ್ನ ಹೆಸ್ರು ಹೇಳ್ಬೋದಿತ್ತು. ಹೇಳಿದ್ರೆ ಅವ್ರು ಏನಂತಿದ್ರು? 'ದಾಸವಾಳ ಮೇಡಂಗೆ ತೋಟದ ಆಳು ಹೇಳ್ಕೊಟ್ಟ' ಅಂತಿದ್ರು. ಅದಕ್ಕೆ ಹೆದ್ರಿದೆ. ಅವ್ನು ಎಲ್ಲಿಂದಾದ್ರೂ ಗೊತ್ತಿತ್ತಾ ಅಂದಾಗ 'ಚೆನ್ನಾಗಿದೆ' ಅಂದಿದ್ದೂ ಅದಕ್ಕೇ. ನನ್ನದು ಅಂದಿದ್ರೆ, ಹೇಳಿ ಹೆಂಗೆ ಬಂತು ಅಂತ ಕೇಳ್ತಿದ್ರು.

ಎಲ್ಲಿಗೆ ಎದ್ದೆ? ಒಳಗ್ಯಾಕೆ ಹೋದೆ? ಭಾಗಮ್ಮ, ಸಿಟ್ಟು ಮಾಡ್ಕೊಂಡ್ನಾ ಅವ್ನು? ಹೇಳು ಅವ್ನಿಗೆ, ನಾನು ಹೊರಡ್ತೀನಿ, ಬರೋದು ಬೇಡ ಅಂತ.

ಬಿಳಿ ಅಂಗಿ ಯಾಕೆ ಹಾಕ್ಕೊಂಡೆ? ಭೂತಯ್ಯ, ಚಪ್ಪಲಿ ಯಾಕೆ... ಬೇಡ. ಈಗ ಬೇಡ ಅಂತ ಹೇಳ್ತಿದೀನಲ್ಲ! ಗಾಡಿ ಹತ್ಬೇಡ. ಮುಂದಿನ ಸೀಟಲ್ಲಿ... ಇಳಿ ಭೂತಯ್ಯ. ಇಳೀರಿ. ನಿಮ್ಮ ಕಾಲಿಗೆ ಬೀಳ್ತೀನಿ, ಇಳೀರಿ. ಕಲ್ಲಲ್ಲಿ ಆ ರಾಜೀವ್ ಹೆಸ್ರೇ ಇರ್ಲಿ, ಹಾಳಾಗ್ ಹೋಗ್ಲಿ...

ಇಲ್ಲ. ಅದೂ ಆಗಲ್ಲ ನಂಗೆ. ಅವ್ನ ಹೆಸ್ರು ಅಲ್ಲಿ ನಿಲ್ಲೋದನ್ನ ನೋಡೋಕೆ ನನ್ನಿಂದ ಆಗಲ್ಲ. ಅವ್ನನ್ನ ಬೀಳಿಸ್ಬೇಕು ಅಂದ್ರೆ ನಾನೂ ಬೀಳ್ಬೇಕು, ಅಲ್ವಾ? ಎಲ್ಲ ಹೇಳ್ಬೇಕು. ಈ ಅಂಗಳದಿಂದ ಹಿಡ್ದು. ನೀವು ಅಲ್ಲಿ ಬಾಯಿ ಬಿಟ್ಟು ಹೇಳ್ತೀರೋ, ಹಿಂಗೇ ಕೂತಿರ್ತೀರೋ? ಒಂದು ಮಾತಾಡಿ! ರಸ್ತೆ ನೋಡ್ಬೇಡಿ, ನನ್ನ ನೋಡಿ!

ಫೋನು... ಬಳಗದ ಕಾರ್ಯದರ್ಶಿ. ಹಲೋ ಅಭಿಷೇಕ್. ಹ್ಞಾಂ, ಹೊರಟೆ. ಜಾವಳೀಲಿದೀನಿ ಇನ್ನೂ. ಶುರು ಮಾಡ್ಬೇಡಿ, ರಾಜೀವ್‌ಗೆ ಹೇಳಿ, ನಾನು ಬರೋ ತನ್ಕ ಶುರು ಮಾಡ್ಬೇಡಿ. ಇಲ್ಲ, ಒಬ್ಳೇ ಅಲ್ಲ. ಇನ್ನೊಬ್ರು ಇದಾರೆ. ಯಾರು ಅಂದ್ರೆ... ನಮ್ಮ ತೋಟದ... ಒಂದ್ನಿಮಿಷ ಅಭಿಷೇಕ್, ಬರ್ಕೊಳ್ಳಿ, ಹೇಳ್ತೀನಿ.

ಭೂತಯ್ಯ... ನಿಮ್ಮ ಪೂರ್ತಿ ಹೆಸ್ರೇನು?