ಸವೆದ ಬುಷ್

ಶಿರಸಿಯ ಗ್ಯಾರೇಜಿನಲ್ಲಿ ಸ್ಕೂಟಿ ಪಂಕ್ಚರಿಗೆ ಕಾಯುತ್ತಿದ್ದ ಜಯಾಳ ಕಿವಿ, ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಬಳಿ ನಡೆದ ಮಾತಿಗೆ ನೆಟ್ಟಗಾಯಿತು.

“ಸೋಮಾ, ಹಿಂಬದಿ ಚಕ್ರದ ಸಸ್ಪೆನ್ಷನ್ನಿಗೆ ಹಾಕಿದ ಹೊಸ ರಬ್ಬರ್ ಬುಷ್ ಎಲ್ಲಾ ಬಿಚ್ಚು. ಸವೆದ ಹಳೇದನ್ನೇ ಹಾಕು.”

“ಎಂತಕ್ಕೆ ಹೆಗಡೇರೆ? ಮೊನ್ನೆಯಷ್ಟೇ ಹಾಕಿದ್ದು.”

“ಹಿಸೆಯಲ್ಲಿ ಕಾರು ತಮ್ಮನ ಪಾಲಿಗೆ ಹೋಯ್ತು. ಅಪ್ಪ ಬಿಟ್ಟುಹೋದ ಹಾಗೇ ಕೊಡ್ತೆ.”

“ನಾಳೆ ನಿಮ್ಮ ತಮ್ಮ ಅರಬೈಲ್ ಘಟ್ಟ ಇಳೀತಾರಂತೆ. ಬುಷ್ ಸವೆದಿದ್ರೆ ಚಕ್ರ ಅಲ್ಲಾಡಿ, ತಿರುವಿನಲ್ಲಿ ಕಾರಿನ ಹಿಂಬದಿ ಎಳೆದು ಬಿಸಾಕ್ತದೆ.”

“ಅದು ನಿಂಗೆ ಗೊತ್ತು, ನಂಗೆ ಗೊತ್ತು. ಅವಂಗೆ ಎಂತ ಗೊತ್ತು?”

“ಮಕ್ಕಳಿಬ್ಬರನ್ನೂ ಕರ್ಕೊಂಡು ಹೋಗ್ತಾರಂತೆ.”

“ಇರೋದು ಎರಡೇ ಸೀಟು ಮಾರಾಯ. ಒಂದು ಮಗು ಉಳೀತದೆ.”

ಹೆಗಡೇರು ಚಾ ಕುಡಿಯಲು ಎದುರಿನ ಅಂಗಡಿಗೆ ಹೊರಟರು. ಸೋಮ ಗುಜರಿ ಡಬ್ಬದೊಳಗೆ ಕೈ ಹಾಕಿ ಹಳೆಯ ಬುಷ್ ಹುಡುಕತೊಡಗಿದ.