ಸೀತಾಫಲಮಂಡಿಯಿಂದ ಮಲಕ್‌ಪೇಟೆಗೆ

ನಾಲ್ಕೂ ಮಂದಿ ಕೂಡಿದ ಮ್ಯಾಲೇ ರೈಲುಗಾಡಿ ಹತ್ತಬೇಕು. ಒಬ್ಬ ಬಂದಿಲ್ಲಂದ್ರ ಉಳಿದ ಮೂವರೂ ಆ ಗಾಡಿ ಬಿಡಬೇಕು, ಮುಂದಿನ ಗಾಡಿಗೆ ಕಾಯಬೇಕು. ಮೊದಲನೇ ಕುದುರಿ ರೇಸು ತಪ್ಪಿದರ ತಪ್ಪಲಿ. ಇಷ್ಟೇ ಅಲ್ಲೇನು ಹಂಪಯ್ಯ, ನಮ್ಮ ನಿಯಮ? ಒಂದೇ ಒಂದು. ಅದನ್ನೂ ಉಳಿಸಿಕೊಳ್ಳಾಕ ಆಗಲಿಲ್ಲ. ನಾಲ್ಕೂ ಮಂದಿ ಮುರದ್ವಿ... ಹೂಂ, ನಾನೂ. ಹಂಗ ನನ್ನ ಮಾರಿ ನೋಡಬ್ಯಾಡ. ನನ್ನ ಪಾಳಿ ಬಂದಾಗ ಹೇಳತೀನಿ. ಮೊದಲ ನಿನ್ನದು ಮುಗೀಲಿ.

ಕುಂಡ್ರು, ಈ ಬೆಂಚಿನ ಮ್ಯಾಲೆ ಕುಂಡ್ರು. ಗಾಡಿ ಹನ್ನೆರಡು ಐವತ್ತಕ್ಕ. ಇನ್ನೂ ಹದಿನೆಂಟು ನಿಮಿಷ ಐತಿ. ಆ ತುದಿಗೆ ಬ್ಯಾಡ, ಬಿಸಲು ಹೊಡೀತೈತಿ, ನನ್ನ ಬಾಜೂಕ ಬಾ... ಮೆಟ್ಟಲು ಕಡೆ ಯಾಕ ನೋಡಾಕತ್ತಿ? ಮಾತು ಆಡಾಕತ್ತಿರೋನು ನಾನು, ಮೆಟ್ಟಲಲ್ಲ.

ಈ ನಿಯಮ ಯಾಕ ಮಾಡಿದೆ ನೆನಪೈತೇನು? ಒಂಬತ್ತು ವರ್ಷ ಆತು. ಆಗ ನಾವಿಬ್ಬರೇ. ಕಾಶಿನಾಥ ಇಲ್ಲ. ಆ ಅರವಿಂದ... ಅವನಂತೂ ಇಲ್ಲವೇ ಇಲ್ಲ. ನಾಚಾರಂದಾಗ ನಮ್ಮ ಪಂಪಿನ ಕಾರ್ಖಾನಿಗೆ ಹೊಸಾ ನೆಲ ಹಾಕಾಕ ನೀ ಬಂದಿದ್ದಿ. ನಾನು ಅಲ್ಲಿ ಇನ್‌ಸ್ಪೆಕ್ಟರು. ಮೂವತ್ತು ವರ್ಷ ಮಂದಿ ಮಾಡಿದ ಕೆಲಸದಾಗ ತಪ್ಪು ಹುಡುಕಿದವ. ನೆಲ ಮಟ್ಟ ಐತೋ ಇಲ್ಲೋ ನೋಡೂ ರಸಮಟ್ಟ ಹಿಡಕೊಂಡು, ನೀ ಕೂಡಿಸಿದ ಒಂದೊಂದು ಟೈಲ್ಸಿನ ಮುಂದೂ ಮೊಣಕಾಲೂರಿ ನೋಡಿದೆ. ಅದರಾಗಿನ ನೀರಿನ ಗುಳ್ಳಿ ನಟ್ಟನಡುವ ನಿಂತಿದ್ದು ಅಲುಗಾಡಲಿಲ್ಲ. ಒಂದು ಟೈಲ್ಸಿನ ಮ್ಯಾಲೂ ಅಲುಗಾಡಲಿಲ್ಲ. 'ಎಲ್ಲಿ ಕಲತಿಯೋ?' ಅಂದೆ. 'ನಮ್ಮಪ್ಪ ರಾಯಚೂರಾಗ ಟಾಂಗಾ ಹೊಡೀತಿದ್ದ್ರಿ ಸಾಹೇಬ್ರ, ನನಗ ಕುದುರಿ ಗೊತ್ತು, ನೆಲ ಆಮ್ಯಾಲೆ ಕಲತದ್ದು' ಅಂದಿ. ನಾ ಕೇಳಿದ್ದೇನು, ನೀ ಹೇಳಿದ್ದೇನು. ಮುಂದಿನ ಭಾನುವಾರನೇ ನಿನ್ನ ರೇಸಿಗೆ ಕರಕೊಂಡು ಹೋದೆ.

ಅದರ ಮುಂದಿನ ವಾರ ನಾನು ನಿನಗಾಗಿ ಕಾಯಲಿಲ್ಲ. ಐದು ನಿಮಿಷ ತಡಾ ಮಾಡಿದಿ ಅಂತ ಹತ್ತಿ ಹೋಗಿಬಿಟ್ಟೆ. ನಿನಗ ಬೋರ್ಡು ಓದಾಕ ಬರಂಗಿಲ್ಲ ಅನ್ನೋದು ನನಗ ಗೊತ್ತಿರಲಿಲ್ಲ. ಮಲಕ್‌ಪೇಟೆ ಮ್ಯಾಲೆ ಫಲಕನುಮಾ ಕಡೆ ಹೋಗೋ ಗಾಡಿ ಬಿಟ್ಟು ನೀ ಉಲ್ಟಾ ದಿಕ್ಕಿನ ಲಿಂಗಂಪಲ್ಲಿ ಗಾಡಿ ಹತ್ತಿದಿ. ಸಂಜೀ ಮುಂದ ಫೋನು: 'ಸಾಹೇಬ್ರ, ಇಲ್ಲಿ ಕುದುರಿ ಒಂದೂ ಕಾಣವಲ್ದು, ಬರೇ ಗಾಜಿನ ಬಿಲ್ಡಿಂಗ್ ಅದಾವು.' ...ನಗು, ನಗು. ನಾನೂ ಅವತ್ತು ನಕ್ಕೆ. ನಕ್ಕು ಮುಗಿದ ಮ್ಯಾಲೆ ನಾಚಿಕಿ ಬಂತು. ಅವತ್ತು ನಿಯಮ ಮಾಡಿದೆ. ನನ್ನ ಸಲುವಾಗಿ ಅಲ್ಲ, ನಿನ್ನ ಸಲುವಾಗಿ. ಅದನ್ನ ಮರೀಬ್ಯಾಡ.

ಮುರಿದವರ ಲೆಕ್ಕಕ್ಕ ಬರೋಣ. ಕಾಶಿನಾಥ ಮೊದಲು. ನಮ್ಮ ಸ್ಟೋರ್‌ಕೀಪರು, ಸೊಂಟನೋವಿನ ಮನಷ್ಯಾ. ಆಷಾಢದಾಗ ಅಳಿಯ ಕಾರು ತಂದ ಅಂತ ಮನಿಯಿಂದ ಸೀದಾ ರೇಸಿನ ಗೇಟಿಗೇ ಹೋಗಿ ಇಳಿದ. ನಾವು ಮೂವರು ಇಲ್ಲಿ ಎರಡು ಗಾಡಿ ಬಿಟ್ಟು, ತೊಯ್ಸಿಕೊಂಡು ಅಲ್ಲಿಗೆ ಮುಟ್ಟಿದ್ರ, ಅವನು ಗೇಟಿನ ಮುಂದ ನಿಂತು ಕೈ ಬೀಸಾಕತ್ತಿದ್ದ. ಅಂಗಿ ಇಸ್ತ್ರಿ ಮುರಿದಿರಲಿಲ್ಲ. ನಾಲ್ಕು ವಾರ ಅವನ ಕೂಡ ಮಾತು ಬಿಟ್ಟೆ, ಐದನೇ ವಾರ ಶುರು ಮಾಡಿದೆ. ಮುಗೀತು. ಕಾಶಿನಾಥ ಮಾಡಿದ್ದಕ್ಕ ನನಗ ಸಿಟ್ಟು ಬಂತು ಅಷ್ಟೇ.

ಅರವಿಂದನದು ಬ್ಯಾರೆ. ಅವನು ಮುರದದ್ದು ನಿನ್ನ ಕೂಡ, ಅದು ಆಮ್ಯಾಲೆ.

ಇಲ್ಲ, ನೀ ಏನೋ ಹೇಳಬೇಕು ಅಂತ ಮಾಡೀದಿ, ತಡಿ. ಅವನು ಒಳ್ಳೇ ಹುಡುಗ. ಬ್ಯಾಂಕಿನ್ಯಾಗ ಕೆಲಸ, ಕುಡಿಯಂಗಿಲ್ಲ, ದುಡ್ಡು ಹಚ್ಚಂಗಿಲ್ಲ, ನಮ್ಮಂಗ ಬರೇ ಕುದುರಿ ನೋಡಾಕ ಬರತಾನ. ಎಲ್ಲಾ ಒಪ್ಪಿದೆ. ಒಂದು ಮಾತು ಕೇಳತೀನಿ, ಅದಕ್ಕ ಉತ್ತರ ಕೊಡು. ಅವನ ಮನಿ ಎಲ್ಲೈತಿ? ದಿಲ್‌ಸುಖ್‌ನಗರ. ಅಲ್ಲಿ ಮೆಟ್ರೋ ಹತ್ತಿದರ ಮೂರನೇ ಸ್ಟೇಷನ್ನೇ ಮಲಕ್‌ಪೇಟೆ. ಉಂಡ ಕೈ ಒಣಗೂದ್ರಾಗ ರೇಸಿನ್ಯಾಗ ಇರತಾನ. ಅಂಥವನು ಭಾನುವಾರ ಹನ್ನೊಂದಕ್ಕೇ ಮನಿ ಬಿಟ್ಟು, ಮಲಕ್‌ಪೇಟೆ ದಾಟಿ, ಊರೆಲ್ಲಾ ಸುತ್ತಿ ಹಿಂದಕ ಸೀತಾಫಲಮಂಡಿಗೆ ಬರತಾನಲ್ಲ, ಯಾಕ? ನಮ್ಮ ಕೂಡ ಮತ್ತ ಅದೇ ಮಲಕ್‌ಪೇಟೆಗೆ ಹೋಗಾಕ. ಯಾರ ಸಲುವಾಗಿ? ಕಾಶಿನಾಥನ ಸೊಂಟನೋವಿನ ಕತಿ ಕೇಳಾಕೇನು? ನನ್ನ ಸಲುವಾಗಿ ಅಂತೂ ಅಲ್ಲ.

ನೆಲ ಯಾಕ ನೋಡಾಕತ್ತಿ? ನಿನ್ನ ಬೈಯಾಕತ್ತಿಲ್ಲ. ಹೇಳಾಕತ್ತೀನಿ.

ಒಂಬತ್ತು ವರ್ಷ ರೇಸ್ ಬುಕ್ಕು ನಿನಗ ಓದಿ ಹೇಳಿದವ ಯಾರು? ನಾನು. ಶನಿವಾರನೇ ಸುಲ್ತಾನ್ ಬಜಾರಿಗೆ ಹೋಗಿ, ಆ ಗದ್ದಲದಾಗ ನುಗ್ಗಿ ತರತಿದ್ದೆ. ರಾತ್ರಿ ಒಂದು ಸಲ ಓದಿ, ಕುದುರಿ ವಯಸ್ಸು, ಬಣ್ಣ, ತಂದಿ, ತಾಯಿ, ಹಿಂದಿನ ಐದು ಓಟ... ಎಲ್ಲಾ ಕನ್ನಡದಾಗ ಹೆಂಗ ಹೇಳಬೇಕು ಅಂತ ಮನಸಿನ್ಯಾಗ ಜೋಡಿಸಿ ಇಡತಿದ್ದೆ. ನಾ ಕಲತದ್ದೆಲ್ಲಾ ಇಂಗ್ಲಿಷ್‌ನ್ಯಾಗ, ನನಗೇನು ಅದು ಹಗುರ ಇತ್ತೇನು? ಕಂದು ಅನ್ನಲೋ, ಕೆಂಚು ಅನ್ನಲೋ ಅಂತ ಹೆಂಡತೀನ ಎಬ್ಬಿಸಿ ಕೇಳೀನಿ. ಗಾಡಿಯಾಗ ನೀ ಕಿಟಕಿಗೆ, ನಾ ನಿನ್ನ ಬಾಜೂಕ. ನಾ ಓದೂದು, ನೀ ಕಣ್ಣು ಮುಚ್ಚಿ ಕೇಳೂದು. ಕಾಚಿಗುಡ ಬರೂದ್ರಾಗ ಆರೂ ರೇಸು ಮುಗಿದಿರತಿತ್ತು. ಆಮ್ಯಾಲೆ, ಓಟಕ್ಕ ಮೊದಲ ಕುದುರಿ ತೋರಸೂ ಪ್ಯಾಡಕ್ಕಿನ ಕಟಕಟಿ ಹಿಡಕೊಂಡು ನಿಂತಾಗ ನಿನ್ನ ಪಾಳಿ. ಕುದುರಿ ಸುತ್ತು ಹಾಕತಿದ್ವು, ನೀ ಅವುಗಳ ಕಾಲು ನೋಡತಿದ್ದಿ. ಮುಂದಿನ ಕಾಲು ಊರಿದ ಗುರತು ದಾಟಿ ಹಿಂದಿನ ಕಾಲು ಬೀಳತೈತೋ ಇಲ್ಲೋ... ನನ್ನ ಕಿವಿಯಾಗ ಒಂದೇ ಹೆಸರು ಹೇಳತಿದ್ದಿ. ನನ್ನ ಕಿವಿಯಾಗ. ಕಾಶಿನಾಥಗೂ ನಾನೇ ಆಮ್ಯಾಲೆ ಹೇಳತಿದ್ದೆ.

ಈಗ ಅರವಿಂದ ಮೊಬೈಲ್ ತೆಗೀತಾನ. 'ಬುಕ್ಕು ಬ್ಯಾಡ ಸರ್, ಇದರಾಗೇ ಐತಿ' ಅಂತಾನ. ಸಿಲ್ವರ್ ಲೇನ್ ಅಂತ ಒಂದು ಕುದುರಿ. ನಾನಾಗಿದ್ರ ಸಿಲ್ವರ್ ಲೇನ್, ನಾಲ್ಕು ವರ್ಷದ್ದು, ಹೆಣ್ಣು, ಬೂದಿ ಬಣ್ಣ ಅಂತಿದ್ದೆ. ಅವನು ಏನಂದ? 'ಹಂಪಯ್ಯಣ್ಣಾ, ಬೆಳ್ಳಿ ಓಣ್ಯಾಗಿನ ಗೌಡಸಾನಿ ಬಂದಾಳ್ರಿ, ಸೆರಗು ಸರಿ ಮಾಡಿಕೋ ಅಂತ ಹೇಳ್ರಿ.' ಅದಕ್ಕ ನೀ ಎಷ್ಟು ನಕ್ಕಿ! ವಿದ್ಯಾನಗರದಿಂದ ಕಾಚಿಗುಡತನಕ ನಕ್ಕಿ. ಕಣ್ಣಾಗ ನೀರು ಬಂತು ನಿನಗ. ಒಂಬತ್ತು ವರ್ಷದಾಗ ನಾ ಓದಿದ್ದು ಕೇಳಿ ನೀ ಒಂದು ದಿನಾನೂ ನಗಲಿಲ್ಲ ಹಂಪಯ್ಯ.

...ನಗೂವಂಥದ್ದು ನಾ ಓದಲಿಲ್ಲ, ಖರೆ. ಆದರ ನಾ ಓದಿದ್ರಾಗ ತಪ್ಪು ಇರಲಿಲ್ಲ.

ಅವತ್ತು ಪ್ಯಾಡಕ್ಕಿನ್ಯಾಗ ನೀ ಬಗ್ಗಿದ್ದು ಅವನ ಕಿವಿಗೆ. ನಾ ಈ ಕಡೆ ನಿಂತಿದ್ದೆ. ಕುದುರಿ ಯಾವುದು ಅಂತ ನನಗ ಅವನು ಹೇಳಿದ. ನಾ ಕಾಶಿನಾಥಗ ಹೇಳತಿದ್ದೆನಲ್ಲ, ಹಂಗ.

ಇರಲಿ. ನಿನ್ನ ತಪ್ಪಿಗೆ ಬರತೀನಿ. ಮೂರು ವಾರದ ಹಿಂದ. ನನ್ನ ಬಸ್ಸು ತಾರ್ನಾಕಾದಾಗ ಸಿಕ್ಕಿಬಿದ್ದಿತ್ತು. ನಾಚಾರಂನಿಂದ ತಾರ್ನಾಕಾಗ ಮುಕ್ಕಾಲು ತಾಸು. ನಾ ಓಡಿ ಬರೂದ್ರಾಗ ನೀವು ಮೂವರೂ ಗಾಡಿ ಹತ್ತಿದ್ರಿ. ನಿನ್ನ ಬೆನ್ನು ನೋಡಿದೆ ನಾ. ಮೂವರೂ ಅಂದರೂ ನನಗ ಲೆಕ್ಕ ಇರೋದು ಒಂದೇ ಬೆನ್ನು... ಏನದು? ಹಣಿ ಮ್ಯಾಲೆ ಯಾಕ ಕೈ ಇಟಗೊಂಡಿ? ತಲಿ ನೋಯಿತೈತೇನು?

...ಓ. ಜ್ವರ. ನನಗ ಜ್ವರ ಬಂದೈತಿ ಅಂತ ಅರವಿಂದ ನಿನಗ ಹೇಳಿದ. ಹೇಳತಾನ. ಅವನೇ ತಾನೇ ನನಗ ಫೋನ್ ಮಾಡಿದ್ದು. ಸ್ಪೀಕರ್ ಹಚ್ಚಿದ್ನೇನು? ...ಹಚ್ಚಿದ್ದ. ಹಂಗಾರ ನನ್ನ ಧ್ವನಿ ನೀನೂ ಕೇಳಿದಿ. 'ನಂಗ ಜ್ವರ ಐತಿ, ನೀವು ಹೋಗ್ರಿ.' ಅಂದೆ. ಆದರ ನಿಯಮದಾಗ ಜ್ವರಕ್ಕ ವಿನಾಯಿತಿ ಅಂತ ಎಲ್ಲೈತಿ? ಜ್ವರ ಬಂದ್ರ ಹತ್ತಬಹುದು ಅಂತ ನಾ ಯಾವಾಗ ಹೇಳಿದ್ದೆ?

ಬೈ ಮಾರಾಯ. ಬೈ. ಬಸ್ಸಿನ್ಯಾಗ ಸಿಕ್ಕಿದ್ದಿರೋ, ಜ್ವರದಾಗ ಮಲಗಿದ್ದಿರೋ, ಎರಡರಾಗ ಒಂದು ಹೇಳ್ರಿ ಸಾಹೇಬ್ರ ಅಂತ ಕೇಳು.

...ಎರಡೂ ಅಲ್ಲ.

ಆ ಓವರ್‌ಬ್ರಿಡ್ಜ್ ಕಾಣತೈತಲ್ಲ. ಅಲ್ಲಿ ನಿಂತಿದ್ದೆ. ಆ ಜಾಹೀರಾತಿನ ಹಲಿಗಿ ಹಿಂದ. ನಿಮಗಿಂತ ಮೊದಲ ಬಂದಿದ್ದೆ, ಹನ್ನೆರಡಕ್ಕೇ ಬಂದಿದ್ದೆ. ನೋಡಬೇಕಾಗಿತ್ತು ನನಗ. ನಾ ಇಲ್ಲದಿದ್ರ ನೀ ಏನು ಮಾಡತಿ ಅಂತ. ಅರವಿಂದ ಬಂದ, ನಿನ್ನ ಬಾಜೂಕ ಕುಂತ, ಮೊಬೈಲ್ ತೆಗೆದ. ಹನ್ನೆರಡು ಐವತ್ತರ ಗಾಡಿ ಬಂತು. ಅವರಿಬ್ಬರೂ ಎದ್ದರು. ನೀ ಏಳಲಿಲ್ಲ. ಕಾಶಿನಾಥನ ಅಂಗಿ ಹಿಡಿದು ಜಗ್ಗಿ ಕೂಡಿಸಿದಿ. ಗಾಡಿ ಹೋತು... ನನಗ ಆ ಹೊತ್ತಿನ್ಯಾಗ ಎಷ್ಟು ಸಂತೋಷ ಆತು ಅಂದ್ರ, ಮೆಟ್ಟಲು ಇಳಿದು ಬಂದು ನಿನ್ನ ಕೈ ಹಿಡೀಬೇಕು ಅನಿಸ್ತು.

ಇಳೀಬೇಕಾಗಿತ್ತು. ಇಳೀಲಿಲ್ಲ. ಇನ್ನೊಂದು ಸಲ ನೋಡೋಣ ಅನಿಸ್ತು. ಇನ್ನೊಂದು ಗಾಡಿನೂ ಬಿಡತಿಯೇನು ನನ್ನ ಸಲುವಾಗಿ? ಅಷ್ಟರಾಗ ಅವನ ಫೋನು ಬಂತು. 'ಗೋಪಿನಾಥ ಸರ್, ಎಲ್ಲದೀರಿ? ಹಂಪಯ್ಯಣ್ಣ ಹತ್ತವಲ್ಲ.' ನನಗ ಖುಷಿ ಆಗಬೇಕಾಗಿತ್ತು. ಆದರ ಅವನು ಹಂಪಯ್ಯಣ್ಣ ಅಂದ ರೀತಿ... ತನ್ನ ಮನಿ ಮನಷ್ಯಾನ ಬಗ್ಗೆ ದೂರು ಹೇಳೋರಂಗ. ಜ್ವರ ಅಂದುಬಿಟ್ಟೆ. ಹೋಗ್ರಿ ಅಂದೆ. ಹೋಗು ಅಂದರೂ ನೀ ಹೋಗಬಾರದು ಅಂತ ಇತ್ತು ನನಗ. ನೀ ಹೋದಿ.

ಮೂರು ವಾರ ನಿನ್ನ ಕಳ್ಳನ್ನ ಮಾಡಿದೆ. ನೀ ಒಂದು ಮಾತು ತಿರುಗಿ ಅನ್ನಲಿಲ್ಲ. ನನಗ ಜ್ವರ ಇದ್ದಿಲ್ಲ ಅನ್ನೋದು ಅವತ್ತೇ ಗೊತ್ತಿತ್ತೇನು ನಿನಗ? ...ಬ್ಯಾಡ. ಹೇಳಬ್ಯಾಡ.

ಆತು, ನನ್ನ ಪಾಳಿನೂ ಮುಗೀತು. ಸಿಗ್ನಲ್ ಬಿದ್ದೈತಿ ನೋಡು. ಏಳು. ಮತ್ತ ಮೆಟ್ಟಲು ನೋಡತಿಯಲ್ಲೋ. ಅವರು ಬರಂಗಿಲ್ಲ ಇವತ್ತು. ಮೊದಲೇ ಹೇಳಬೇಕಾಗಿತ್ತು, ಮಾತಿನ್ಯಾಗ ಉಳೀತು. ಕಾಶಿನಾಥಗ ಸೊಂಟ ಹಿಡದೈತಂತ. ಅರವಿಂದಗ ಬ್ಯಾಂಕಿನ್ಯಾಗ ಆಡಿಟ್ ನಡದೈತಿ, ಮ್ಯಾನೇಜರು ಬಿಡವಲ್ಲ, ಎಲ್ಲಾರನ್ನೂ ಕೌಂಟರಿನ್ಯಾಗ ಕೂಡಿಸ್ಯಾನಂತ... ಯಾಕ ನಗಾಕತ್ತಿ?

...ಭಾನುವಾರ. ಹೌದು. ಇವತ್ತು ಭಾನುವಾರ.

ಮೂವತ್ತು ವರ್ಷ ಮಂದಿ ತಪ್ಪು ಹಿಡಿದವ ನಾನು. ಸುಳ್ಳು ಹೇಳೂದೂ ಒಂದು ಕಸಬು ಹಂಪಯ್ಯ, ನನಗ ಅದು ಬರಲಿಲ್ಲ.

ಒಂದು ಮೂವತ್ತೈದರ ಗಾಡಿ ಅಂತ ಹೇಳೀನಿ ಅವರಿಗೆ. ಇಬ್ಬರಿಗೂ. ಅವರು ಬರೂದ್ರಾಗ ನಾವು ಮಲಕ್‌ಪೇಟೆ ಮುಟ್ಟಿರತೀವಿ. ಇವತ್ತೊಂದು ದಿನ, ಅಷ್ಟೇ. ಆಗಿನಂಗ. ನಾವಿಬ್ಬರು. ಇಪ್ಪತ್ತೇ ನಿಮಿಷದ ಹಾದಿ. ನೋಡು, ಬುಕ್ಕು ತಂದೀನಿ. ನಿನ್ನೆ ರಾತ್ರಿ ಕುಂತು... ಇದು ನಗಬ್ಯಾಡ ಮತ್ತ... ಒಂದೊಂದು ಕುದುರಿಗೂ ಕನ್ನಡದಾಗ ಹೆಸರು ಬರಕೊಂಡೀನಿ. ಚಲೋ ಇಲ್ಲ, ನನಗ ಗೊತ್ತೈತಿ. ಆದರ ಒಂದೆರಡಕ್ಕರ ನಿನಗ ನಗು ಬರತೈತಿ. ಮುಂದಿನ ವಾರದಿಂದ ಅರವಿಂದನೇ ಓದಲಿ. ನಾ ಕಾಶಿನಾಥನ ಬಾಜೂಕ ಕುಂಡ್ರತೀನಿ, ಸೊಂಟದ ಕತಿ ಕೇಳತೀನಿ, ಆಣಿ ಮಾಡಿ ಹೇಳತೀನಿ. ಇವತ್ತು ಮಾತ್ರ ನಿಯಮ ಬಿಡು. ನಾ ಮಾಡಿದ್ದು, ನಾನೇ ಬಿಡು ಅನ್ನಾಕತ್ತೀನಿ.

ಬಂತು ಗಾಡಿ. ಏಳು.

ಏಳು ಹಂಪಯ್ಯ. ಎರಡು ನಿಮಿಷ ನಿಲ್ಲಂಗಿಲ್ಲ ಅದು, ನಿನಗ ಗೊತ್ತೈತಿ. ಖಾಲಿ ಐತಿ ನೋಡು ಡಬ್ಬಿ, ಎರಡೂ ಕಿಟಕಿ ಖಾಲಿ ಅದಾವು... ನೀ ಹತ್ತವಲ್ಲಿ ಅಂದ್ರ ನಾ ಹತ್ತತೀನಿ. ಹತ್ತಿದೆ. ನಾ ಹತ್ತಿದ ಮ್ಯಾಲೆ ನೀ ಬರಲೇಬೇಕಲ್ಲ? ಕೈ ಕೊಡು, ಜಗ್ಗಿಕೊಳ್ಳತೀನಿ. ಹಾರ್ನ್ ಹೊಡದ. ಹಂಪಯ್ಯ, ಕೈ ಕೊಡು ಅಂದೆ.

ಹೆಗಲಿನ ಟವೆಲ್ ಯಾಕ ತೆಗದಿ?

ಯಾಕ ಝಾಡಸಾಕತ್ತಿ ಅದನ್ನ... ಯಾರಿಗೆ ಜಾಗ ಹಿಡಿಯಾಕತ್ತಿ? ಅವರು ಬರಾಕ ಇನ್ನೂ ಮುಕ್ಕಾಲು ತಾಸು ಐತೋ. ಹಾಸಬ್ಯಾಡ.

ಹಾಸಿದಿ. ಅವರ ಜಾಗಕ್ಕಲ್ಲ, ಬೆಂಚಿನ್ಯಾಗ ನಾ ಈಗ ಎದ್ದು ಬಂದ ಜಾಗದ ಮ್ಯಾಲೇ ಹಾಸಿದಿ.