ಎಡಗೈಯ ಚಾಕು

ಕತ್ತರಿಗೆ ಸಾಣೆ ಹಿಡಿಸಲು ಅಂಗಡಿಯಲ್ಲಿ ಕಾಯುತ್ತಿದ್ದೆ. ನನ್ನ ಮುಂದಿದ್ದ ವಯಸ್ಸಾದ ಹೆಂಗಸು ಟವೆಲಿನಲ್ಲಿ ಸುತ್ತಿ ತಂದಿದ್ದ ಚಾಕುವನ್ನು ಬಿಚ್ಚಿಟ್ಟರು.

“ಅಷ್ಟೊಂದು ದುಡ್ಡು ಸುರಿದ ಚಾಕು. ನಾನು ಈರುಳ್ಳಿ ಹೆಚ್ಚಿದ್ರೂ ಸೊಟ್ಟಗೇ ಹೋಗುತ್ತಪ್ಪ.”

ಸಾಣೆಯವನು ಅಲಗನ್ನು ಬೆಳಕಿಗೆ ಹಿಡಿದ.

“ಇದು ಎಡಗೈಯವರದ್ದಮ್ಮ. ಒಂದೇ ಕಡೆ ಹರಿತ ಮಾಡಿದ್ದಾರೆ. ಇಂಥದ್ದನ್ನ ಹೇಳಿ ಮಾಡಿಸ್ಬೇಕು, ಒಬ್ಬನೇ ಕೂತು ಕೈಯಲ್ಲಿ ಬಡೀಬೇಕು. ಅದಕ್ಕೇ ಆ ಬೆಲೆ.”

“ನಮ್ಮನೆಯವರು ಮಾಡಿಸಿದ್ದು. ಅಡುಗೆಯೆಲ್ಲ ಅವರದ್ದೇ ಆಗಿತ್ತು. ನನ್ನನ್ನ ಒಲೆ ಹತ್ರ ಬಿಡ್ತಿರಲಿಲ್ಲ.”

“ಬಲಗೈಗೆ ಆಗೋ ಹಾಗೆ ಉಜ್ಜಿ ಕೊಡ್ಲಾ? ಆದ್ರೆ ಆಮೇಲೆ ಅವರ ಕೈಗೆ ಹೊಂದಲ್ಲ, ನೋಡಿ.”

ಆಕೆ ಚಾಕುವಿಗೆ ಮತ್ತೆ ಟವೆಲು ಸುತ್ತಿ ಬಾಗಿಲತ್ತ ತಿರುಗಿದರು.

“ಹಾಗಾದ್ರೆ ಬೇಡ ಬಿಡಪ್ಪ. ಸೊಟ್ಟಗಿದ್ರೆ ಇರ್ಲಿ. ತಿನ್ನೋಳು ನಾನೊಬ್ಬಳೇ ತಾನೆ.”